ನೂರ ಎಪ್ಪತ್ತನೆಯ ಮರ

ನಾಲ್ಕಕ್ಕೆ ಎಚ್ಚರವಾದರೆ ಲಿಜಿಗೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಷೈಜು ಹಿಂಬಾಗಿಲಿನ ಚಿಲಕ ಸರಿಸಿ ರಬ್ಬರು ತೋಟಕ್ಕೆ ಹೊರಡುತ್ತಿದ್ದ ಹೊತ್ತು ಅದು. ಅವನು ಸತ್ತು ಏಳು ವಾರ ಕಳೆದಿತ್ತು. ಆದರೂ ಆ ಹೊತ್ತಿಗೆ ಅವಳ ಕಿವಿ ತಾನಾಗಿ ನೆಟ್ಟಗಾಗುತ್ತಿತ್ತು. ಕಿಟಕಿಯ ಸರಳು ಕಾಣುವಷ್ಟು ಬೆಳಕಾಗುವವರೆಗೆ ಹೊರಳಾಡಿ, ಎದ್ದು ಮುಖ ತೊಳೆದು, ಕಾಫಿಯನ್ನೂ ಕುಡಿಯದೆ ಮನೆಯ ಕೆಳಗೆ ಹರಿಯುವ ತೋಡು ದಾಟಿ ಗುಡ್ಡ ಹತ್ತುತ್ತಿದ್ದಳು.

ಅಲ್ಲಿ ಅವಳು ಮಾಡುತ್ತಿದ್ದದ್ದು ಒಂದೇ ಕೆಲಸ. ಪ್ರತಿ ಮರದ ಸೊಂಟಕ್ಕೂ ಮಳೆನೀರು ಇಳಿಯದ ಹಾಗೆ ಪ್ಲಾಸ್ಟಿಕ್ಕಿನ ಲಂಗ ಕಟ್ಟಿತ್ತು. ಅದನ್ನೆತ್ತಿ ಷೈಜು ಎಳೆದ ಕೊನೆಯ ಗೀರನ್ನು ನೋಡುವುದು, ಅದರ ಮೇಲೆ ಒಣಗಿ ಅಂಟಿದ ರಬ್ಬರು ಹಾಲಿನ ಎಳೆಯನ್ನು ಒಂದಿಷ್ಟು ಸರಿಸಿ ಬೆರಳಾಡಿಸುವುದು, ಲಂಗ ಇಳಿಸಿ ಮುಂದಿನ ಮರಕ್ಕೆ ಹೋಗುವುದು. ಒಟ್ಟು ಮುನ್ನೂರ ಹನ್ನೆರಡು ಮರ, ಹದಿನಾರು ಸಾಲು.

ಗಂಡನ ಮನೆಗೆ ಬರುವವರೆಗೆ ರಬ್ಬರು ಅಂದರೆ ಅವಳಿಗೆ ಬಸ್ಸಿನ ಕಿಟಕಿಯಿಂದ ಕಾಣುವ ಸಾಲುಮರ, ಅಷ್ಟೇ. ಪುತ್ತೂರು ಪೇಟೆಯಲ್ಲಿ ಬೆಳೆದವಳು, ಕೊಣಾಜೆಯ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವಳು. ಕಡಬದ ಆಚೆಯ ಈ ಗುಡ್ಡಕ್ಕೆ ಬಂದ ಮೇಲೆ ಷೈಜುವೇ ಕಲಿಸಿದ್ದ. ಹಾಲು ಇಳಿಯಲು ಒಂದು ದಿನ ಬಿಟ್ಟು ಒಂದು ದಿನ ತೊಗಟೆಯನ್ನು ಕೂದಲೆಳೆಯಷ್ಟು ಕೆತ್ತಬೇಕು. ಜಾಸ್ತಿ ಕೆತ್ತಿದರೆ ತೊಗಟೆ ಬೇಗ ಮುಗಿಯುತ್ತದೆ, ಆಳ ಹೋದರೆ ಮರಕ್ಕೆ ಗಾಯವಾಗಿ ಗಂಟು ಬರುತ್ತದೆ. ಹೊಸ ಗೀರು ಬಿದ್ದಾಗ ಹಳೆಯ ಗೀರು ಉಳಿಯುವುದಿಲ್ಲ. ಕತ್ತಿ ಅದೇ ಅಂಚನ್ನು ಸವರಿಕೊಂಡು ಇಳಿಯುತ್ತದೆ.

ಅದಕ್ಕಾಗಿಯೇ ಅವಳು ಏಳು ವಾರದಿಂದ ಆ ಮರಗಳನ್ನು ಮುಟ್ಟಲು ಯಾರನ್ನೂ ಬಿಟ್ಟಿರಲಿಲ್ಲ. ಹಾಲು ಹೆಚ್ಚು ಬರುವ ಕಾಲ ಇದು, ಚಳಿ ಬಿದ್ದಿದೆ, ಎಂದು ಎಲ್ಲರೂ ಹೇಳಿ ನೋಡಿದ್ದರು. ಮಾವ ಚಾಂಡಿ ಮಾತ್ರ ಏನೂ ಹೇಳಿರಲಿಲ್ಲ. ನಲ್ವತ್ತೊಂದನೆಯ ದಿನದ ಪ್ರಾರ್ಥನೆ ಮುಗಿದ ಮೇಲೆ ಒಂದು ಸಂಜೆ ಬಂದು, ಮಗಳೇ ಎಂದು ತಮ್ಮ ಮಲಯಾಳದಲ್ಲಿ ಕರೆದು, “ಮೋಳೆ, ಆಲೆಟ್ಟಿಯಿಂದ ಒಬ್ಬ ಬರ್ತಾನೆ. ಶನಿವಾರ ಮರ ನೋಡಿ ಹೋಗ್ತಾನೆ, ಸೋಮವಾರದಿಂದ ಕೆಲಸ. ಬೇಡ ಅಂದ್ರೆ ಈಗಲೇ ಹೇಳು” ಎಂದಿದ್ದರು. ಬೇಡ ಎನ್ನಲು ಅವಳಲ್ಲಿ ಹೇಳಿಕೊಳ್ಳುವಂಥ ಕಾರಣ ಇರಲಿಲ್ಲ. ಇದ್ದ ಕಾರಣ ಬಾಯಿಬಿಟ್ಟು ಹೇಳುವಂಥದ್ದಲ್ಲ.

ಕಾರಣ ಇದು.

ಅಕ್ಟೋಬರಿನ ಆ ಮಂಗಳವಾರ ಷೈಜು ಎಂದಿನಂತೆ ನಾಲ್ಕಕ್ಕೆ ಹೋಗಿದ್ದ. ಏಳೂ ಇಪ್ಪತ್ತಕ್ಕೆ ನೆರೆಮನೆಯ ಬೋಜಪ್ಪ ಗೌಡರು ತೋಡಿನ ದಂಡೆಯಲ್ಲಿ ಅವನನ್ನು ಕಂಡರು. ಮಗ್ಗುಲಾಗಿ ಬಿದ್ದಿದ್ದ, ಕತ್ತಿ ಸೊಂಟದಲ್ಲಿಯೇ ಇತ್ತು. ಮೂವತ್ತನಾಲ್ಕು ವರ್ಷ. ಪುತ್ತೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಹೃದಯ ಎಂದರು. ನೋವು ಶುರುವಾದ ಮೇಲೂ ಸ್ವಲ್ಪ ಹೊತ್ತು ಇದ್ದಿರಬೇಕು ಎಂದರು. ಆಮೇಲೆ, ಕೇಳಬಾರದಿತ್ತು, ಕೇಳಿದರು: “ಹತ್ತಿರ ಯಾರೂ ಇರ್ಲಿಲ್ವಾ?”

ಅವತ್ತು ಐದು ಐವತ್ತಕ್ಕೆ ಲಿಜಿ ಒಲೆಯ ಮುಂದೆ ನಿಂತಿದ್ದಳು. ಹೊತ್ತು ಸರಿಯಾಗಿ ಗೊತ್ತು, ಮೊಬೈಲಿನ ಅಲಾರಾಂ ಆಗತಾನೇ ಹೊಡೆದಿತ್ತು. ತೋಡಿನ ಕಡೆಯಿಂದ ಒಂದು ಕೂಗು ಕೇಳಿತು. ‘ಕೂ’ ಎಂದು ಒಂದೇ ಸಲ, ಅಷ್ಟೇನೂ ಉದ್ದವಲ್ಲ. ಆ ಗುಡ್ಡಗಳಲ್ಲಿ ಮನೆಯಿಂದ ಮನೆಗೆ ಜನ ಕರೆಯುವುದೇ ಹಾಗೆ. ಕೇಳಿದವರು ಓಗೊಡಬೇಕು. ಆದರೆ ಬೆಳಕು ಹರಿಯುವ ಮೊದಲು ಒಂದೇ ಕೂಗಿಗೆ ಓಗೊಡಬಾರದು, ಎರಡನೆಯದಕ್ಕೆ ಕಾಯಬೇಕು. ಮನುಷ್ಯನಾದರೆ ಇನ್ನೊಮ್ಮೆ ಕರೆಯುತ್ತಾನೆ. ಕುಲೆ, ಅಂದರೆ ಸತ್ತವರ ಪ್ರೇತ, ಕರೆಯುವುದು ಒಂದೇ ಸಲ. ಬೋಜಪ್ಪನವರ ಅಜ್ಜಂದಿರಿಂದ ಈ ಮಾತು ಕೇರಳದಿಂದ ಬಂದ ಕ್ರೈಸ್ತರ ಮನೆಗಳಿಗೂ ದಾಟಿತ್ತು. ಮದುವೆಯಾದ ಹೊಸತರಲ್ಲಿ ಷೈಜು ನಗುತ್ತಾ ಹೇಳಿದಾಗ ಲಿಜಿಯೂ ನಕ್ಕಿದ್ದಳು. ಆದರೆ ಆ ಬೆಳಿಗ್ಗೆ, ಕೈಯಲ್ಲಿ ಸೌಟು ಹಿಡಿದು, ಅವಳು ಎರಡನೆಯ ಕೂಗಿಗೆ ಕಾದಳು. ಅದು ಬರಲಿಲ್ಲ. ಬೋಜಪ್ಪಣ್ಣ ಕೆಲಸದವರನ್ನು ಕರೆದಿರಬೇಕು ಎಂದುಕೊಂಡು ಹಾಲು ಇಳಿಸಿದಳು.

ಆಮೇಲಿನ ದಿನಗಳಲ್ಲಿ ಊರವರು ಒಬ್ಬೊಬ್ಬರು ಒಂದೊಂದು ಕಾರಣವನ್ನು, ಸಾವಿನ ಮನೆಗೆ ಬಾಳೆಗೊನೆ ತಂದ ಹಾಗೆ, ತಂದು ಜಗಲಿಯಲ್ಲಿಟ್ಟು ಹೋದರು. ದೇವರಿಗೆ ಒಳ್ಳೆಯವರೇ ಬೇಕಂತೆ. ತೋಡಿನ ಹತ್ತಿರ ಗುಳಿಗ ಭೂತದ ಕಲ್ಲು ಉಂಟಂತೆ, ಅಲ್ಲಿ ಹೊತ್ತಲ್ಲದ ಹೊತ್ತಿಗೆ ನಡೆಯಬಾರದಂತೆ. ಬೀಫು ಜಾಸ್ತಿಯಾಯಿತಂತೆ. ಕುವೈಟಿಗೆ ಹೋಗಿದ್ದರೆ ಬದುಕುತ್ತಿದ್ದನಂತೆ. ಅತ್ತೆ ಸಾಲಿ ಇದ್ಯಾವುದನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಅವರ ಹತ್ತಿರ ತಮ್ಮದೇ ಒಂದು ಇತ್ತು. “ನನ್ನ ಮಗ ಅಷ್ಟೂ ಮರ ಮುಗಿಸಿದ. ಒಂದೂ ಬಿಡಲಿಲ್ಲ. ಮುಗಿಸಿ ಕಾಫಿಗೆ ಬರುವಾಗ ದಂಡೆಯಲ್ಲಿ ಕೂತ, ಹೋದ. ನೋವು ಸಹ ತಿಂದಿಲ್ಲ.” ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು, ಹೇಳಿದಷ್ಟೂ ಅವರ ಬೆನ್ನು ನೆಟ್ಟಗಾಗುತ್ತಿತ್ತು.

ಲಿಜಿ ಗುಡ್ಡ ಹತ್ತಿದ್ದು ಆ ಮಾತನ್ನು ಪರೀಕ್ಷಿಸಲು. ನಿಜ, ಮುನ್ನೂರ ಹನ್ನೆರಡಕ್ಕೂ ಹೊಸ ಗೀರಿತ್ತು. ಆದರೆ ಸಾಲು ಸಾಲಾಗಿ ಕೆಳಗಿನಿಂದ ನೋಡುತ್ತಾ ಹೋದಾಗ ನೂರ ಎಪ್ಪತ್ತರವರೆಗೆ ಗೆರೆ ಎಳೆದಂತೆ ಇದ್ದ ಗೀರು ನೂರ ಎಪ್ಪತ್ತೊಂದರಿಂದ ಕೆಟ್ಟಿತ್ತು. ಒಂದು ಕಡೆ ಆಳ, ಒಂದು ಕಡೆ ತೇಲಿದ್ದು, ಅಲ್ಲಲ್ಲಿ ಕತ್ತಿ ಜಾರಿ ಬಿಳಿ ಮರವೇ ಕಾಣುವಂತೆ ಗಾಯ. ಕೊನೆಯ ಮರದವರೆಗೂ ಹಾಗೇ.

ಅವಳು ಅದನ್ನು ಓದಿದ್ದು ಹೀಗೆ: ನೂರ ಎಪ್ಪತ್ತೊಂದನೆಯ ಮರದಲ್ಲಿ ಅವನಿಗೆ ನೋವು ಶುರುವಾಯಿತು. ಆದರೂ ಅವನು ಇಳಿದು ಬರಲಿಲ್ಲ. ನಡುಗುವ ಕೈಯಲ್ಲಿ ಇನ್ನೂ ನೂರ ನಲ್ವತ್ತೆರಡು ಮರ ಕೆತ್ತಿದ. ಅವಳಿಗೆ ಸಿಟ್ಟು ಬಂತು. ಏಳು ವಾರ ಅವಳನ್ನು ಊಟ ಮಾಡಿಸಿದ್ದು, ಎಬ್ಬಿಸಿ ನಡೆಸಿದ್ದು ಆ ಸಿಟ್ಟೇ. ಮರ ಹೆಚ್ಚಾಯಿತೇ ನಿನಗೆ ಎಂದು ಪ್ರತಿ ದಿನ ಹೋಗಿ ಕೇಳುತ್ತಿದ್ದಳು. ಸಿಟ್ಟಿನ ಬೆನ್ನಿಗೆ ಇನ್ನೊಂದೂ ಇತ್ತು. ನಾಲ್ಕೂಕಾಲಕ್ಕೆ ಮೊದಲ ಮರಕ್ಕೆ ಕತ್ತಿ ಇಟ್ಟರೆ, ಮರಕ್ಕೆ ಅರ್ಧ ನಿಮಿಷದ ಲೆಕ್ಕದಲ್ಲಿ ಮುನ್ನೂರ ಹನ್ನೆರಡು ಮರ ಮುಗಿಯುವಾಗ ಆರು ಐವತ್ತೊಂದು. ಐದು ಐವತ್ತಕ್ಕೆ ಅವನು ಗುಡ್ಡದ ಮೇಲೆ ಮರ ಕೆತ್ತುತ್ತಿದ್ದ. ತೋಡಿನಿಂದ ಬಂದ ಕೂಗು ಅವನದ್ದಾಗಲು ಸಾಧ್ಯವೇ ಇಲ್ಲ.

ಈ ಲೆಕ್ಕ ಮರಗಳ ಮೇಲೆ ಬರೆದಿತ್ತು. ದಿನಕ್ಕೊಮ್ಮೆ ಹೋಗಿ ಮುಟ್ಟಿ ಬರದಿದ್ದರೆ ಅವಳಿಗೆ ಅದರ ಮೇಲೆ ನಂಬಿಕೆ ನಿಲ್ಲುತ್ತಿರಲಿಲ್ಲ.

ಶನಿವಾರ ಯತಿನ್ ಬಂದ. ನಲ್ವತ್ತು ದಾಟಿದ, ಮೆಲ್ಲಗೆ ನಡೆಯುವ ಮನುಷ್ಯ. ಬೋಜಪ್ಪನವರೇ ಕರೆದುಕೊಂಡು ಬಂದಿದ್ದರು. ಕೆಳಗಿನ ಸಾಲಿನಿಂದ ಶುರುಮಾಡಿ ಅವನು ಒಂದೊಂದೇ ಲಂಗ ಎತ್ತಿ ನೋಡತೊಡಗಿದಾಗ ಬೋಜಪ್ಪನವರಿಗೆ ತಡೆಯಲಾಗಲಿಲ್ಲ.

“ಎಂತ ಮಾರಾಯ, ಮರ ಮುಟ್ಟುವ ಮೊದಲು ಜಾತಕ ನೋಡುವವನನ್ನು ನಾನು ಈಗಲೇ ನೋಡುದು.”

“ಹೆಣ್ಣು ನೋಡ್ಲಿಕ್ಕೆ ಹೋದವ ಚಾ ಕುಡಿದು ಬರುದಾ ಬೋಜಪ್ಪಣ್ಣ? ಮುಖ ನೋಡ್ಬೇಕಲ್ಲ.”

“ಮುನ್ನೂರು ಹೆಣ್ಣು ನೋಡಿದ್ರೆ ಊರವರು ಹೊಡಿತಾರೆ.”

ಯತಿನ್ ನಕ್ಕ. ಗೀರಿನ ಮೇಲೆ ಹೆಬ್ಬೆರಳು ಸವರಿ ಲಿಜಿಯ ಕಡೆ ತಿರುಗಿದ. “ಒಳ್ಳೆ ಕೈ ಅಕ್ಕ. ಇದರ ಮೇಲೆ ಕತ್ತಿ ಇಡ್ಲಿಕ್ಕೆ ನನಗೆ ನಾಚಿಕೆ ಆಗ್ತದೆ.”

ಅವಳು ಹಿಂದೆ ಹಿಂದೆ ನಡೆದಳು. ಒಂಬತ್ತನೆಯ ಸಾಲು ಹತ್ತಿರವಾಯಿತು. ಇಷ್ಟು ದಿನ ತಾನೊಬ್ಬಳೇ ಓದಿದ್ದನ್ನು ಇನ್ನೊಬ್ಬ ಓದಲಿದ್ದಾನೆ. ನೂರ ಎಪ್ಪತ್ತೊಂದನೆಯ ಮರದ ಲಂಗ ಎತ್ತಿ ಯತಿನ್ ನಿಂತ. ಮುಂದಿನದು ನೋಡಿದ. ಅದರ ಮುಂದಿನದು.

“ಇಲ್ಲಿಂದ ಯಾರು ಮಾಡಿದ್ದು?”

“ಅವರೇ,” ಎಂದಳು ಲಿಜಿ. “ಅಷ್ಟೊತ್ತಿಗೆ ನೋವು ಶುರುವಾಗಿತ್ತು. ಅದಕ್ಕೆ ಹಾಗೆ.”

ಯತಿನ್ ತಲೆಯಾಡಿಸಲಿಲ್ಲ. ಇನ್ನೂ ಎರಡು ಮರ ನೋಡಿ ಬಂದ. “ನೋವಾದ್ರೆ ಗೀರು ಓರೆ ಹೋದೀತು, ಆಳ ಹೋದೀತು. ಅಭ್ಯಾಸ ಬದಲಾಗುದಿಲ್ಲ ಅಕ್ಕ. ಇಲ್ಲಿ ನೋಡಿ, ಗೀರು ಮುಗಿಯುವಲ್ಲಿ ಕತ್ತಿ ಮಗುಚಿ ಒಂದು ಚೂರು ಚಿವುಟಿದ್ದು ಉಂಟು. ಎಲ್ಲ ಮರದಲ್ಲಿ ಉಂಟು. ಕೆಳಗೆ ಒಂದರಲ್ಲಿ ಸಹ ಇಲ್ಲ. ಇದು ಹಳಬರು ಮಾಡುದು, ಹಾಲು ಜಾರಿ ಹೋಗ್ಲಿ ಅಂತ. ನನಗೆ ಕಲಿಸಿದವರು ಮಾಡ್ತಿದ್ರು. ಈಗ ಯಾರು ಮಾಡ್ತಾರೆ?”

ಅವನು ಕೇಳಿದ್ದು ಲಿಜಿಯನ್ನು. ಆದರೆ ಉತ್ತರ ಗೊತ್ತಿದ್ದದ್ದು ಬೋಜಪ್ಪನವರಿಗೆ. ಅವರು ಹೆಗಲ ಬೈರಾಸು ತೆಗೆದು ಮುಖ ಒರೆಸಿಕೊಂಡರು. ಬೆವರೇನೂ ಇರಲಿಲ್ಲ.

“ಚಾಂಡಿಯಣ್ಣ ಮಾಡ್ತಿದ್ರು,” ಎಂದರು.

ಲಿಜಿ ಲೆಕ್ಕ ಹಾಕಬೇಕೆಂದು ಹಾಕಲಿಲ್ಲ, ತಲೆಯಲ್ಲಿ ತಾನಾಗಿ ಓಡಿತು. ನೂರ ಎಪ್ಪತ್ತು ಮರ, ಎಂಬತ್ತೈದು ನಿಮಿಷ. ಐದು ನಲ್ವತ್ತು. ಒಂಬತ್ತನೆಯ ಸಾಲಿನಿಂದ ತೋಡಿಗೆ ಇಳಿಯಲು ಹತ್ತು ನಿಮಿಷ.

ಅವಳು ಇಬ್ಬರನ್ನೂ ಅಲ್ಲೇ ಬಿಟ್ಟು ಇಳಿದುಬಿಟ್ಟಳು. ಒಣಗಿದ ಎಲೆಯ ಮೇಲೆ ಎರಡು ಸಲ ಕಾಲು ಜಾರಿತು.

ಚಾಂಡಿ ಹಾಳೆ ಒಣಗಿಸುವ ಹೊಗೆಗೂಡಿನ ಪಕ್ಕ ಕೂತು ರಬ್ಬರು ಹಾಳೆ ಒತ್ತುವ ಯಂತ್ರಕ್ಕೆ ಸೀಮೆಎಣ್ಣೆ ಸವರುತ್ತಿದ್ದರು. ಏಳು ವಾರ ತಿರುಗದೆ ಅದರ ಉರುಳೆಗಳಿಗೆ ತುಕ್ಕು ಹಿಡಿದಿತ್ತು.

“ಅಪ್ಪಚ್ಚನ್, ಉಳಿದ ಮರ ಕೆತ್ತಿದ್ದು ನೀವಾ?”

ಅವರು ಕೈ ನಿಲ್ಲಿಸಲಿಲ್ಲ. “ಯತಿನ್ ಹೇಳಿದನಾ?”

“ಹೂಂ.”

“ಕಣ್ಣು ಚುರುಕುಂಟು. ಕೆಲಸ ಮಾಡಿಯಾನು.” ಬಟ್ಟೆಯನ್ನು ಇನ್ನೊಮ್ಮೆ ಅದ್ದಿದರು. “ಮಣ್ಣು ಮಾಡಿ ಬಂದ ದಿವಸ ನಿನ್ನ ಅಮ್ಮಚ್ಚಿ, ಸಾಲಿ, ಕೇಳಿದಳು, ಅವ ಕೆಲಸ ಮುಗಿಸಿದ್ನಾ ಅಂತ. ಬೇರೆ ಎಂತದೂ ಕೇಳ್ಲಿಲ್ಲ ಅವಳು, ಅದೊಂದೇ. ನಾನು ಹೌದು ಅಂದೆ. ಬಾಯಿಗೆ ಬಂತು, ಅಂದೆ. ಮತ್ತೆ ರಾತ್ರಿ ಇಡೀ ಯೋಚನೆ. ಯಾರಾದ್ರೂ ಹೋಗಿ ನೋಡಿ ಅವಳಿಗೆ ಹೇಳಿದ್ರೆ? ಬೆಳಗಾದ ಕೂಡ್ಲೆ ಅವನ ಕತ್ತಿ ಹಿಡ್ಕೊಂಡು ಹೋದೆ. ಹನ್ನೆರಡು ವರ್ಷ ಆಗಿತ್ತು ಮೋಳೆ, ಕತ್ತಿ ಮುಟ್ಟದೆ. ಕಣ್ಣು ಕಾಣುದಿಲ್ಲ. ತುಂಬ ಮರಕ್ಕೆ ಗಾಯ ಮಾಡಿದೆ. ಗಂಟು ಬರ್ತದೆ.”

“ಒಂಬತ್ತನೇ ಸಾಲಿನಿಂದ,” ಎಂದಳು ಲಿಜಿ.

“ಎಣಿಸ್ಲಿಲ್ಲ ನಾನು.”

“ನೂರ ಎಪ್ಪತ್ತು ಅವರದ್ದು. ಮತ್ತೆ ನಿಮ್ಮದು.”

ಆ ಮುದುಕ ತನ್ನ ಹೆಂಡತಿಗೆ ಹೇಳಿದ ಒಂದು ಸುಳ್ಳನ್ನು ನಿಜ ಮಾಡಲು ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಗುಡ್ಡ ಹತ್ತಿದ್ದ. ಅದರ ಮೇಲೆ ಅವಳು ಏಳು ವಾರದ ಮನೆ ಕಟ್ಟಿಕೊಂಡಿದ್ದಳು. ಈಗ ಗೊತ್ತಾಯಿತು, ಷೈಜು ಇಳಿದು ಬಂದಿದ್ದ. ಮೊದಲ ನೋವಿಗೇ ಕೆಲಸ ಬಿಟ್ಟು, ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮನೆಗೆ ಹೊರಟಿದ್ದ. ಬೈಯಲು ಅವಳಿಗೆ ಯಾರೂ ಉಳಿಯಲಿಲ್ಲ. ಯಂತ್ರದ ಹಿಡಿಯನ್ನು ಸುಮ್ಮನೆ ತಿರುಗಿಸಿದಳು. ಅದು ಅರ್ಧ ಸುತ್ತು ತಿರುಗಿ ಕಿರುಗುಟ್ಟಿ ನಿಂತಿತು.

“ಅಪ್ಪಚ್ಚನ್, ಅವತ್ತು ನನಗೊಂದು ಕೂಗು ಕೇಳಿತ್ತು. ಐದು ಐವತ್ತಕ್ಕೆ. ತೋಡಿನ ಕಡೆಯಿಂದ.”

ಚಾಂಡಿಯ ಕೈ ಆಗ ನಿಂತಿತು.

“ಒಂದೇ?”

“ಒಂದೇ.”

ಅವರು ಬಟ್ಟೆಯನ್ನು ಮಡಚಿದರು. ಮತ್ತೊಮ್ಮೆ ಮಡಚಿದರು. ಹಿಡಿಯಷ್ಟಾದ ಬಟ್ಟೆಯನ್ನು ಡಬ್ಬದ ಮೇಲೆ ಇಟ್ಟರು.

“ನಾನು ಮಂಚದಲ್ಲಿ ಕೂತಿದ್ದೆ,” ಎಂದರು. “ಕಾಲು ಕೆಳಗೆ ಇಟ್ಟಾಗಿತ್ತು. ಎರಡನೆಯದಕ್ಕೆ ಕಾದೆ.”

ಮನೆಯ ಹಿಂದೆ ಸಾಲಿ ಕೋಳಿಗಳನ್ನು ಗದರುತ್ತಿದ್ದರು. ಲಿಜಿ ದನಿ ತಗ್ಗಿಸಿದಳು.

“ಬೋಜಪ್ಪಣ್ಣನದ್ದು ಇರಬಹುದು,” ಎಂದಳು ಲಿಜಿ.

“ಇರಬಹುದು. ಕೇಳಿದೆ ಅವನ ಹತ್ತಿರ, ಬೇರೆ ಎಂತದೋ ಮಾತಾಡುವ ಹಾಗೆ. ನೆನಪಿಲ್ಲವಂತೆ. ದಿನಾ ಕರೆಯುವವನಿಗೆ ಒಂದು ದಿವಸದ್ದು ಎಲ್ಲಿ ನೆನಪಿರ್ತದೆ?”

“ನೀವು ಯಾಕೆ ನನಗೆ ಹೇಳ್ಲಿಲ್ಲ?”

“ನೀನು ಹೇಳಿದ್ಯಾ?”

ಅದರಲ್ಲಿ ಚುಚ್ಚು ಇರಲಿಲ್ಲ, ನಿಜವಾಗಿಯೇ ಕೇಳಿದ್ದರು. ಅವಳು ಇಲ್ಲವೆಂದು ತಲೆಯಾಡಿಸಿದಳು. ಒಂದೇ ಸೂರಿನ ಕೆಳಗೆ, ನಡುವೆ ಒಂದು ಗೋಡೆ ಇಟ್ಟುಕೊಂಡು, ಏಳು ವಾರ ಇಬ್ಬರೂ ಒಂದೇ ಕೂಗನ್ನು ನುಂಗಿಕೊಂಡು ಕೂತಿದ್ದರು. ಹೇಳಿಕೊಂಡರೆ ಹಗುರಾಗುತ್ತದೆ ಎಂದು ಜನ ಹೇಳುತ್ತಾರೆ. ಹಗುರಾಗಲಿಲ್ಲ. ಇಬ್ಬರು ಕೇಳಿದ ಮೇಲೆ ಅದು ಭ್ರಮೆ ಎನ್ನುವ ದಾರಿಯೂ ಮುಚ್ಚಿತು. ಆದರೂ ಅವಳು ಅಲ್ಲಿಂದ ಎದ್ದು ಹೋಗಲಿಲ್ಲ. ಇನ್ನೊಂದು ಬಟ್ಟೆ ತಂದು ಯಂತ್ರದ ಆ ಬದಿಯ ತುಕ್ಕು ತಿಕ್ಕತೊಡಗಿದಳು. ಮಧ್ಯಾಹ್ನದ ಊಟಕ್ಕೆ ಕರೆಯುವಷ್ಟರಲ್ಲಿ ಉರುಳೆಗಳು ತಿರುಗುತ್ತಿದ್ದವು.

ಭಾನುವಾರ ಸಂಜೆ ನಾಲ್ಕರ ಹೊತ್ತಿಗೆ ಯತಿನ್ ಬಟ್ಟೆಯ ಚೀಲ ಹಿಡಿದು ಬಂದ. ಹೊಗೆಗೂಡಿನ ಪಕ್ಕದ ಕೋಣೆಯಲ್ಲಿ ಅವನಿಗೆ ಜಾಗ ಮಾಡಿದ್ದರು. ಬೋಜಪ್ಪನವರು ಅವನನ್ನು ತಲುಪಿಸುವ ನೆಪದಲ್ಲಿ ಬಂದು ಜಗಲಿಯಲ್ಲಿ ಕೂತರು. ಸಾಲಿ ಹಾಲಿಲ್ಲದ ಕಟ್ಟನ್ ಕಾಫಿಯನ್ನೂ ಬೇಯಿಸಿದ ಮರಗೆಣಸನ್ನೂ ತಂದಿಟ್ಟರು.

“ತಿನ್ನು,” ಎಂದರು ಯತಿನ್‌ಗೆ. “ಇವರು ಹೇಳಿದ್ರು, ಮರ ನೋಡಿದ್ಯಂತೆ.”

“ನೋಡಿದೆ ಅಮ್ಮ.”

“ಹೇಗುಂಟು?”

“ಒಳ್ಳೆದುಂಟು.”

“ಇರದೆ? ನನ್ನ ಮಗನ ಕೈಯದ್ದು.” ಸಾಲಿ ಕಂಬಕ್ಕೆ ಒರಗಿ ಕೂತರು. ಲಿಜಿಗೆ ಗೊತ್ತಾಯಿತು, ಶುರುವಾಗುತ್ತದೆ. “ಹೋದ ದಿವಸ ಸಹ ಅಷ್ಟೂ ಮರ ಮುಗಿಸಿದ. ಬೇರೆಯವರಾದ್ರೆ ಮೈ ಸರಿ ಇಲ್ಲ ಅಂತ ಬಿಟ್ಟು ಬರ್ತಿದ್ರು. ಮುಗಿಸಿ, ಮತ್ತೆ ಬಂದು ಕೂತದ್ದು. ನೋಡಿದ್ಯಲ್ಲ ನೀನು, ಒಂದು ಮರ ಬಿಟ್ಟಿದ್ದಾನಾ?”

ಯತಿನ್ ಕಾಫಿಯ ಲೋಟದೊಳಗೆ ನೋಡಿದ. ಬೋಜಪ್ಪನವರು ಮರಗೆಣಸಿನ ನಾರು ಬಿಡಿಸುವುದರಲ್ಲಿ ಮುಳುಗಿದರು. ಚಾಂಡಿ ಅಂಗಳದ ಆಚೆ ಎಲ್ಲೋ ನೋಡುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು, ಹೇಳುವವರು ಯಾರೂ ಇರಲಿಲ್ಲ.

ಸಾಲಿ ಸೊಸೆಯ ಕಡೆ ತಿರುಗಿದರು. “ನೀನು ದಿನಾ ಹೋಗಿ ಎಣಿಸಿದವಳಲ್ವಾ ಮೋಳೆ. ನೀನೇ ಹೇಳು ಅವನಿಗೆ.”

ಲಿಜಿ ಕೈಯಲ್ಲಿದ್ದ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟಳು.

“ಮುನ್ನೂರ ಹನ್ನೆರಡು,” ಎಂದಳು. “ಒಂದೂ ಬಿಟ್ಟಿಲ್ಲ. ಆರು ಐವತ್ತೊಂದಕ್ಕೆ ಮುಗಿದಿದೆ.”

“ನಿಮಿಷ ಸಮೇತ,” ಎಂದರು ಸಾಲಿ ಯತಿನ್‌ಗೆ. “ಕೊಣಾಜೆಯಲ್ಲಿ ಓದಿದ್ದು ಇವಳು. ಕೇಳಿದ್ಯಾ? ಈ ತೋಟದಲ್ಲಿ ಕೆಲಸ ಅರ್ಧಕ್ಕೆ ಬಿಡುವ ಕ್ರಮ ಇಲ್ಲ.”

“ಬಿಡುದಿಲ್ಲ ಅಮ್ಮ,” ಎಂದ ಯತಿನ್.

“ಬಿಡಿ,” ಎಂದಳು ಲಿಜಿ.

ದನಿ ಅವಳೆಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು. ಬೋಜಪ್ಪನವರು ತಲೆಯೆತ್ತಿದರು.

“ಮೈ ಸರಿ ಇಲ್ಲ ಅಂತ ಕಂಡ್ರೆ ಬಿಟ್ಟು ಬನ್ನಿ. ಎಷ್ಟನೇ ಮರ ಆದ್ರೂ. ಹತ್ತನೇದಾದ್ರೂ, ಕೊನೆಯದಾದ್ರೂ. ಬಿಟ್ಟು ಮನೆಗೆ ಬರಬೇಕು.”

ಸಾಲಿ ಸೊಸೆಯ ಮುಖವನ್ನು ನೋಡಿದರು. ಆಮೇಲೆ ಗಂಡನ ಕಡೆ, ಒಂದು ಕಾಲದಲ್ಲಿ ಕತ್ತಿ ಹಿಡಿದಿದ್ದ ಅವರ ಬಲಗೈಯ ಕಡೆ, ನೋಡಿದರು. ಮತ್ತೆ ಸೊಸೆಯನ್ನು ನೋಡಿದರು. ಕೈಯಲ್ಲಿದ್ದ ಲೋಟವನ್ನು ಕೆಳಗಿಡಲು ಅವರಿಗೆ ತುಂಬ ಹೊತ್ತು ಬೇಕಾಯಿತು.

“ಹೌದು ಮತ್ತೆ,” ಎಂದರು ಸಾಲಿ. “ಬಿಟ್ಟು ಬರಬೇಕು.”